ನಂಪೈಯನ್ನು ಪಿಪ್‌ನಿಂದ ಹಾಕಬೇಕೋ, ಆಪ್ಟ್‌ನಿಂದಲೋ, ಕೊಂಡಾದಿಂದಲೋ?

ಡೆಬಿಯನ್ 12 ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ, ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಪಿಪ್ ಮೂಲಕ ನಂಪೈ (ಪೈಥಾನ್‌ನ ಸಂಖ್ಯಾ ಲೆಕ್ಕಾಚಾರದ ಲೈಬ್ರರಿ) ಹಾಕಲು ಹೋದಾಗ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ (ಈ ಪೈಥಾನನ್ನು ಬೇರೊಂದು ಸಾಧನ ನಿರ್ವಹಿಸುತ್ತಿದೆ) ಎಂಬ ದೋಷ ಬಂತು, ಇನ್ನು ಪಿಪ್, ಡೆಬಿಯನ್‌ನದೇ ಪ್ಯಾಕೇಜ್ ಸಾಧನವಾದ ಆಪ್ಟ್, ಪ್ರತ್ಯೇಕ ಪ್ಯಾಕೇಜ್ ಸಾಧನವಾದ ಕೊಂಡಾ ಈ ಮೂರರಲ್ಲಿ ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ. 2024ರಲ್ಲಿ ನನ್ನ ಪರದೆಯ ಮೇಲೂ ಇದೇ ಸಂದೇಶ ಬಂದಿತ್ತು. ಅದರ ಕೊನೆಯಲ್ಲಿ ‘ಬ್ರೇಕ್-ಸಿಸ್ಟಮ್-ಪ್ಯಾಕೇಜಸ್’ ಎಂಬ, ಈ ತಡೆಯನ್ನು ಮೀರುವ ಆಯ್ಕೆಯ ಹೆಸರಿರುತ್ತದೆ. ಮೇಲಿನ ಸಾಲುಗಳನ್ನು ಓದದೆ ನಾನು ಅದನ್ನೇ ಸುಡೊ (ನಿರ್ವಾಹಕನ ಅಧಿಕಾರ ಕೊಡುವ ಆದೇಶ) ಜೊತೆಗೆ ಕೊಟ್ಟು ನಂಪೈಯನ್ನು ಹೊಸ ಆವೃತ್ತಿಗೆ ಏರಿಸಿದೆ. ನನ್ನ ಎರಡು ದಿನಗಳನ್ನು ತಿಂದದ್ದು ಆ ಒಂದು ಸಾಲು.

ಆಗ ನನ್ನ ಯಂತ್ರದಲ್ಲಿ ಆಪ್ಟ್ ತಂದಿದ್ದ ನಂಪೈ 1.24 ಇತ್ತು. ನಂಪೈಯನ್ನು ಅವಲಂಬಿಸುವ ದತ್ತಾಂಶ ಲೈಬ್ರರಿ ಪಾಂಡಾಸ್ ಕೂಡ ಆಪ್ಟ್‌ನದೇ ಆಗಿದ್ದು, ಹಳೆಯ ನಂಪೈಗೆ ಹೊಂದುವಂತೆ ಕಂಪೈಲ್ ಆಗಿತ್ತು (ಯಂತ್ರಭಾಷೆಗೆ ಬದಲಾಗಿತ್ತು). ಪಿಪ್ ತಂದದ್ದು ಆ ವರ್ಷದ ಜೂನ್‌ನಲ್ಲಿ ಬಿಡುಗಡೆಯಾಗಿದ್ದ 2.0. ನಂಪೈ 1ಕ್ಕಾಗಿ ಕಂಪೈಲ್ ಆದ ಮಾಡ್ಯೂಲ್‌ಗಳು 2ರೊಂದಿಗೆ ನಡೆಯುವುದಿಲ್ಲವಾದ್ದರಿಂದ ಪಾಂಡಾಸ್ ಇಂಪೋರ್ಟ್ ಆಗುವುದೇ ನಿಂತುಹೋಯಿತು. ಆಪ್ಟ್‌ನಿಂದ ನಂಪೈಯನ್ನು ತೆಗೆದು ಮತ್ತೆ ಹಾಕಿದೆ, ಪಾಂಡಾಸನ್ನೂ ಹಾಗೆಯೇ ಮಾಡಿದೆ. ಎಷ್ಟು ಸಲ ಮಾಡಿದರೂ ಅದೇ ದೋಷ ಬರುತ್ತಿತ್ತು.

ಕಾರಣವಿಷ್ಟೇ: ಪಿಪ್ ಹೊಸ ಪ್ರತಿಯನ್ನು /ಯುಎಸ್ಆರ್/ಲೋಕಲ್ ಅಡಿಯಲ್ಲಿ ಇಟ್ಟಿತ್ತು, ಆಪ್ಟ್‌ನ ಪ್ರತಿ /ಯುಎಸ್ಆರ್/ಲಿಬ್ ಅಡಿಯಲ್ಲಿ ಹಾಗೆಯೇ ಇತ್ತು, ಮತ್ತು ಡೆಬಿಯನ್‌ನ ಪೈಥಾನ್ ಮೊದಲು ಹುಡುಕುವುದು ಲೋಕಲ್‌ನಲ್ಲಿ. ಪೈಥಾನ್ ತಲುಪದೇ ಇದ್ದ ಕಡತಕೋಶವೊಂದನ್ನು ನಾನು ಎರಡು ದಿನ ದುರಸ್ತಿ ಮಾಡುತ್ತಿದ್ದೆ. ಕೊನೆಗೆ ನಂಪೈಯನ್ನು ಇಂಪೋರ್ಟ್ ಮಾಡಿ ಅದು ಇರುವ ಜಾಗವನ್ನು ಹೇಳುವ __ಫೈಲ್__ ಮೌಲ್ಯವನ್ನು ಮುದ್ರಿಸಿ ನೋಡಿದಾಗ ವಿಷಯ ಹೊರಬಿತ್ತು. ಲೋಕಲ್‌ನಲ್ಲಿದ್ದ ಆ ಪ್ರತಿಯನ್ನು ಪಿಪ್‌ನಿಂದಲೇ ತೆಗೆಯಬೇಕಾಯಿತು, ಅದಕ್ಕೂ ಅದೇ ಆಯ್ಕೆಯನ್ನು ಕೊಡಬೇಕಾಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಸಾಧನದಿಂದ ಹಾಕುತ್ತೀರಿ ಎನ್ನುವುದಕ್ಕಿಂತ ಎಲ್ಲಿ ಹಾಕುತ್ತೀರಿ ಎಂಬುದು ಮುಖ್ಯ. ಆಪರೇಟಿಂಗ್ ಸಿಸ್ಟಮ್‌ನ ಪೈಥಾನ್ ಆಪ್ಟ್‌ನ ಸ್ವತ್ತು, ಅದರೊಳಗೆ ಪಿಪ್ ಕೈ ಹಾಕಬಾರದು. ಆ ದೋಷಸಂದೇಶ ಇರುವುದೇ ಅದನ್ನು ತಡೆಯಲು. ಪೈಥಾನ್3-ವೆನ್ವ್ ಪ್ಯಾಕೇಜನ್ನು ಆಪ್ಟ್‌ನಿಂದ ಹಾಕಿಕೊಂಡು, ಪ್ರತಿ ಯೋಜನೆಗೂ ಅದರದೇ ವೆನ್ವ್ (ಪ್ರತ್ಯೇಕ ಪೈಥಾನ್ ಪರಿಸರದ ಫೋಲ್ಡರ್) ಮಾಡಿ, ಅದರೊಳಗಿನ ಪಿಪ್‌ನಿಂದ ಸುಡೊ ಇಲ್ಲದೆ ನಂಪೈ ಹಾಕಿ. ವೆನ್ವ್ 2012ರ ಪೈಥಾನ್ 3.3ರಿಂದಲೇ ಭಾಷೆಯ ಜೊತೆಗಿದೆ. ಏನಾದರೂ ಕೆಟ್ಟರೆ ಆ ಒಂದು ಫೋಲ್ಡರನ್ನು ಅಳಿಸಿ ಮತ್ತೆ ಮಾಡಿಕೊಂಡರಾಯಿತು.

ಕೊಂಡಾ ಒಳ್ಳೆಯ ಸಾಧನವೇ. ಪೈಥಾನ್ ಅಲ್ಲದ ಲೈಬ್ರರಿಗಳೂ ಒಟ್ಟಿಗೆ ಬೇಕಾದಾಗ ಅದನ್ನು ಬಳಸಿ. ನಂಪೈ ಒಂದಕ್ಕಾಗಿ ಅದು ಬೇಡ, ಏಕೆಂದರೆ ಪಿಪ್ ಈಗ ಕಂಪೈಲ್ ಆದ, ವ್ಹೀಲ್ ಎಂಬ ಸಿದ್ಧ ಕಡತವನ್ನೇ ತರುತ್ತದೆ. ಆಪ್ಟ್‌ನ ಆವೃತ್ತಿ ಹಳೆಯದಾದರೂ ಸಾಕೆನಿಸಿದರೆ ಅದೂ ಸರಿ, ಆದರೆ ಅದರ ಮೇಲೆ ಪಿಪ್ ಬೆರೆಸಬೇಡಿ.

ನೀವು ಈಗಾಗಲೇ ‘ಬ್ರೇಕ್-ಸಿಸ್ಟಮ್-ಪ್ಯಾಕೇಜಸ್’ ಆಯ್ಕೆಯನ್ನು ಸುಡೊ ಜೊತೆಗೆ ಕೊಟ್ಟಿದ್ದರೆ, ವೆನ್ವ್ ಮಾಡುವ ಮೊದಲು /ಯುಎಸ್ಆರ್/ಲೋಕಲ್/ಲಿಬ್/ಪೈಥಾನ್3.11/ಡಿಸ್ಟ್-ಪ್ಯಾಕೇಜಸ್ ಒಳಗೆ ಏನೇನು ಬಂದು ಕುಳಿತಿದೆ ಎಂದು ನೋಡಿ, ನೀವು ಹಾಕಿದ್ದನ್ನು ಪಿಪ್‌ನಿಂದಲೇ ತೆಗೆಯಿರಿ.