ಸೊಲೊಮೋನನ ಉಂಗುರ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮ ಮನೆಯಲ್ಲಿ ಬೈಬಲ್ ಓದುತ್ತೇವೆ. ಸುಲೈಮಾನ್ ನಬಿಯವರ ಹತ್ತಿರ ಕಣ್ಣಿಗೆ ಕಾಣದ ಜೀವಿಗಳಾದ ಜಿನ್ನ್‌ಗಳನ್ನು ಆಳುವ ಉಂಗುರ ಇತ್ತು ಅಂತ ಪಕ್ಕದ ಮನೆಯ ಗೆಳೆಯ ಹೇಳುತ್ತಾನೆ. ನಮ್ಮ ಸೊಲೊಮೋನನೂ ಅವರೇ ಅಲ್ವಾ? ಬೈಬಲಿನಲ್ಲಿ ಹುಡುಕಿದರೆ ಉಂಗುರ ಸಿಗಲಿಲ್ಲ. ಮಾಟಮಂತ್ರ ಪಾಪ ಅನ್ನುವ ಧರ್ಮಗಳಲ್ಲಿ ರಾಜನೇ ಮಂತ್ರವಾದಿ ಆಗಿದ್ದು ಹೇಗೆ?
— ಓದುಗರು, ಮಂಗಳೂರು

ಉತ್ತರ: ಹೌದು, ಬೈಬಲಿನ ರಾಜ ಸೊಲೊಮೋನನೂ ಇಸ್ಲಾಮಿನ ನಬಿ (ಪ್ರವಾದಿ) ಸುಲೈಮಾನರೂ ಒಬ್ಬರೇ. ಉಂಗುರ ಬೈಬಲಿನಲ್ಲಿ ಇಲ್ಲ. ನಿಮ್ಮ ಗೆಳೆಯರಿಗೆ ಆಶ್ಚರ್ಯ ಆಗಬಹುದು, ಕುರ್‌ಆನಿನಲ್ಲೂ ಇಲ್ಲ. ಅದು ಆಮೇಲಿನ ಕಥೆಗಳಿಂದ ಬಂದದ್ದು.

ಬೈಬಲಿನ ಅರಸುಗಳ ಮೊದಲನೆಯ ಪುಸ್ತಕದ ಪ್ರಕಾರ ಸೊಲೊಮೋನ 3,000 ಜ್ಞಾನೋಕ್ತಿ ಹೇಳಿದ, 1,005 ಹಾಡು ಕಟ್ಟಿದ. ಮರಗಿಡ, ಹಕ್ಕಿ, ಹುಳಹುಪ್ಪಟೆ, ಮೀನು, ಎಲ್ಲದರ ಬಗ್ಗೆಯೂ ಮಾತಾಡಬಲ್ಲವನಾಗಿದ್ದ. ಅಲ್ಲಿರುವುದು ಇಷ್ಟೇ. ಆದರೆ ಗಿಡಬೇರು ಬಲ್ಲವನಿಗೆ ದೆವ್ವ ಬಿಡಿಸುವುದೂ ಗೊತ್ತಿರಬೇಕು ಅಂತ ಜನ ಅಂದುಕೊಂಡರು. 1ನೇ ಶತಮಾನದ ಕೊನೆಗೆ ಯೆಹೂದಿ ಇತಿಹಾಸಕಾರ ಜೋಸೆಫಸ್ ತಾನೇ ಕಂಡದ್ದು ಅಂತ ಒಂದು ಘಟನೆ ಬರೆದಿದ್ದಾನೆ. ರೋಮಿನ ಚಕ್ರವರ್ತಿ ವೆಸ್ಪೇಷಿಯನ್ ಎದುರಿಗೆ ಎಲಿಯಾಜರ್ ಎಂಬವನು ದೆವ್ವ ಬಿಡಿಸಿದನಂತೆ. ಸೊಲೊಮೋನ ಹೇಳಿದ್ದ ಬೇರನ್ನು ಉಂಗುರದಲ್ಲಿಟ್ಟು ರೋಗಿಯ ಮೂಗಿಗೆ ಹಿಡಿದ, ದೆವ್ವ ಮೂಗಿನ ಹೊಳ್ಳೆಯಿಂದ ಹೊರಬಂತು. ಇಲ್ಲಿ ಉಂಗುರ ಇನ್ನೂ ಎಲಿಯಾಜರನದು, ರಾಜನದಲ್ಲ.

ಮಂತ್ರವಾದಿಗಳು, ಕಣಿ ಹೇಳುವವರು ನಿಮ್ಮಲ್ಲಿ ಇರಕೂಡದು ಅಂತ ಬೈಬಲಿನ ಧರ್ಮೋಪದೇಶಕಾಂಡ ಕಟ್ಟುನಿಟ್ಟಾಗಿ ಹೇಳುತ್ತದೆ. ಕಥೆಗಾರರು ಇದಕ್ಕೊಂದು ದಾರಿ ಹುಡುಕಿದರು. ಶಕ್ತಿ ರಾಜನ ಮಂತ್ರದ್ದಲ್ಲ, ದೇವರ ಹೆಸರಿನದು. ‘ಸೊಲೊಮೋನನ ಮರಣಶಾಸನ’ ಎಂಬ ಹಳೆಯ ಗ್ರೀಕ್ ಕೃತಿಯಲ್ಲಿ ಉಂಗುರವನ್ನು ತಂದುಕೊಡುವುದು ದೇವದೂತ ಮೀಕಾಯೇಲ. ಅದರ ಬಲದಿಂದ ರಾಜ ದೆವ್ವಗಳಿಂದಲೇ ದೇವಾಲಯ ಕಟ್ಟಿಸುತ್ತಾನೆ. 4ನೇ ಶತಮಾನದ ಕೊನೆಗೆ ಜೆರುಸಲೇಮಿಗೆ ಬಂದ ಕ್ರೈಸ್ತ ಯಾತ್ರಿಕೆ ಎಜೀರಿಯಾ, ಶುಭ ಶುಕ್ರವಾರ ಭಕ್ತರಿಗೆ ಸೊಲೊಮೋನನ ಉಂಗುರ ತೋರಿಸುತ್ತಿದ್ದರು ಅಂತ ಬರೆದಿದ್ದಾಳೆ. ಅಷ್ಟರ ಮಟ್ಟಿಗೆ ಜನ ಅದನ್ನು ನಂಬಿದ್ದರು.

ನನಗೆ ಜಾಸ್ತಿ ಕುತೂಹಲ ಇರುವುದು ಬೇರೆ ಕಡೆ. ಯೆಹೂದಿ, ಕ್ರೈಸ್ತ, ಇಸ್ಲಾಂ ಮೂರೂ ಪರಂಪರೆಯವರು ಈ ಶಕ್ತಿ ರಾಜನ ಸ್ವಂತ ಆಸ್ತಿಯಾಗಲು ಬಿಡಲಿಲ್ಲ.

ಯೆಹೂದಿಗಳ ಧರ್ಮಗ್ರಂಥವಾದ ತಾಲ್ಮುದಿನ ಕಥೆ ನೋಡಿ. ದೇವಾಲಯ ಕಟ್ಟುವ ಜಾಗದಲ್ಲಿ ಕಬ್ಬಿಣದ ಸದ್ದು ಕೇಳಲಿಲ್ಲ ಅಂತ ಬೈಬಲ್ ಹೇಳುತ್ತದೆ. ಹಾಗಾದರೆ ಕಲ್ಲು ಸೀಳಿದ್ದು ಹೇಗೆ? ಶಾಮೀರ್ ಅನ್ನುವ ಹುಳದಿಂದ. ಅದರ ಸುಳಿವು ಗೊತ್ತಿದ್ದದ್ದು ದೆವ್ವಗಳ ರಾಜ ಅಷ್ಮೆದೈಗೆ. ಸೊಲೊಮೋನನ ಆಳು ಬೆನಾಯ ಅವನ ಗುಂಡಿಯ ನೀರು ಬಸಿದು ದ್ರಾಕ್ಷಾರಸ ತುಂಬಿದ. ಕುಡಿದು ಮಲಗಿದವನನ್ನು ದೇವರ ಹೆಸರು ಕೊರೆದ ಸರಪಳಿಯಿಂದ ಕಟ್ಟಿದ. ದೇವಾಲಯ ಮುಗಿದ ಮೇಲೆ ಸೊಲೊಮೋನ, ‘ನಮಗಿಂತ ನಿಮ್ಮ ಹೆಚ್ಚುಗಾರಿಕೆ ಏನಯ್ಯಾ?’ ಅಂತ ಕೆಣಕಿದ. ‘ಸರಪಳಿ ಬಿಚ್ಚು, ಉಂಗುರ ಕೊಡು, ತೋರಿಸ್ತೀನಿ’ ಅಂದ ಅಷ್ಮೆದೈ. ರಾಜ ಕೊಟ್ಟೇಬಿಟ್ಟ! ಅಷ್ಮೆದೈ ಅವನನ್ನು 400 ಹರದಾರಿ ದೂರ ಎಸೆದು ತಾನೇ ಸಿಂಹಾಸನದಲ್ಲಿ ಕೂತ. ನಿಜವಾದ ರಾಜ, ‘ನಾನು ಇಸ್ರೇಲಿನ ಅರಸನಾಗಿದ್ದೆ’ ಅಂತ ಹೇಳಿಕೊಂಡು ಮನೆಮನೆ ಭಿಕ್ಷೆ ಬೇಡಿದ. ಕೊನೆಗೆ ಪಟ್ಟ ವಾಪಸ್ ಸಿಕ್ಕಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಬೈಬಲಿನ ಪರಮಗೀತದಲ್ಲಿ ಅವನ ಹಾಸಿಗೆಯ ಸುತ್ತ 60 ವೀರರು ಕಾವಲಿರುವುದು ಇದಕ್ಕೇ ಅಂತ ಯೆಹೂದಿ ಧರ್ಮಗುರುಗಳಾದ ರಬ್ಬಿಗಳ ವಿವರಣೆ.

ಮೊದಲು ಹೇಳಿದ ಗ್ರೀಕ್ ಕೃತಿ ನಮಗೆ ಸಿಕ್ಕಿರುವುದು ಕ್ರೈಸ್ತರ ಕೈಯಲ್ಲಿ ರೂಪುಗೊಂಡು. ಅದರಲ್ಲೂ ರಾಜ ಒಬ್ಬಳ ಮೋಹಕ್ಕೆ ಬಿದ್ದು ಮಿಡತೆಗಳನ್ನು ಅನ್ಯದೇವರಿಗೆ ಬಲಿ ಕೊಡುತ್ತಾನೆ. ಶಕ್ತಿ ಹೋಗಿಬಿಡುತ್ತದೆ.

ಕುರ್‌ಆನ್ ಹಿಡಿಯುವ ದಾರಿ ಬೇರೆ. ಅಲ್ಲಿ ಸುಲೈಮಾನರು ಪ್ರವಾದಿ. ಗಾಳಿ, ಜಿನ್ನ್, ಹಕ್ಕಿಗಳ ಮಾತು, ಎಲ್ಲವೂ ಅಲ್ಲಾಹನ ಕೊಡುಗೆ. ಸುಲೈಮಾನರು ಸತ್ಯನಿಷೇಧಿಯಾಗಲಿಲ್ಲ, ಜನರಿಗೆ ಮಾಟ ಕಲಿಸಿದ್ದು ಶೈತಾನರು ಅಂತ 2ನೇ ಅಧ್ಯಾಯದ 102ನೇ ವಚನ ನೇರವಾಗಿ ಹೇಳುತ್ತದೆ. ಅವರ ಸಾವಿನ ಪ್ರಸಂಗ 34ನೇ ಅಧ್ಯಾಯದಲ್ಲಿದೆ. ಅವರು ತೀರಿಕೊಂಡದ್ದು ಜಿನ್ನ್‌ಗಳಿಗೆ ಗೊತ್ತಾಗಲೇ ಇಲ್ಲ, ದುಡಿಯುತ್ತಲೇ ಇದ್ದವು. ಅವರು ಒರಗಿದ್ದ ಊರುಗೋಲನ್ನು ಹುಳ ತಿಂದು ದೇಹ ಬಿದ್ದಾಗ ತಿಳಿಯಿತು. ಕಣ್ಣಿಗೆ ಕಾಣದ್ದೆಲ್ಲ ಜಿನ್ನ್‌ಗಳಿಗೆ ಗೊತ್ತು ಅನ್ನುವ ನಂಬಿಕೆಗೆ ಬಿದ್ದ ಪೆಟ್ಟು ಅದು. ಉಂಗುರ ಕಳೆದುಹೋಗಿ ಶೈತಾನ ಪಟ್ಟಕ್ಕೇರಿದ ಕಥೆ ಮುಸ್ಲಿಮರ ಪ್ರವಾದಿ ಕಥೆಗಳಲ್ಲೂ ಇದೆ. ನಿಮ್ಮ ಗೆಳೆಯರು ಕೇಳಿರುವ ಉಂಗುರ ಆ ಕಥೆಗಳದ್ದೇ ಇರಬೇಕು.

ಪ್ರಶ್ನೆ: ಇಸ್ರೇಲ್ ಬಾವುಟದ ನಕ್ಷತ್ರ ಆ ಉಂಗುರದ ಮುದ್ರೆಯಾ?

ಉತ್ತರ: ಸಂಬಂಧ ಇದೆ, ಆದರೆ ನೇರವಾಗಿ ಅಲ್ಲ. ಮಧ್ಯಯುಗದಲ್ಲಿ ತಾಯಿತ, ಪಾತ್ರೆ, ಕಟ್ಟಡಗಳ ಮೇಲೆ ಐದು ಮೂಲೆಯ ನಕ್ಷತ್ರವನ್ನೂ ಆರು ಮೂಲೆಯದನ್ನೂ ಸುಲೈಮಾನರ ಮುದ್ರೆ ಅಂತಲೇ ಕರೆಯುತ್ತಿದ್ದರು. ಆರು ಮೂಲೆಯದು ಯೆಹೂದಿಗಳ ಗುರುತಾಗಿ ಎಲ್ಲೆಡೆ ನೆಲೆಯೂರಿದ್ದು ತೀರಾ ಈಚೆಗೆ, 19ನೇ ಶತಮಾನದಲ್ಲಿ. ಐದು ಮೂಲೆಯದು ಮೊರಾಕ್ಕೊದ ಬಾವುಟದಲ್ಲಿ 1915ರಿಂದ ಇದೆ, ಅದನ್ನು ಅಲ್ಲಿ ಈಗಲೂ ಸುಲೈಮಾನರ ಮುದ್ರೆ ಅನ್ನುತ್ತಾರೆ.