ಬಾಡಿಗೆಗೆ ಕೊಟ್ಟ ಮನೆಯ ಹಾಲ್‌ನಲ್ಲಿ ಟೈಲ್ಸ್ ಎದ್ದರೆ ಮೇಲೆ ಲ್ಯಾಮಿನೇಟ್ ಹಾಕಿಸಬಹುದಾ?

ಹಾಲ್‌ನ ಟೈಲ್ಸ್ ಹೀಗೆ ಉಬ್ಬಿ ಏಳುವುದು ಹೆಚ್ಚಾಗಿ ಅಡಿಯಲ್ಲಿ ಸಿಮೆಂಟ್ ಸರಿಯಾಗಿ ಹಿಡಿಯದೆ, ಇಲ್ಲವೇ ಸಂದು ಬಿಡದೆ ಒತ್ತಿ ಕೂರಿಸಿದ್ದರಿಂದ. ಅದರ ಮೇಲೆ ಲ್ಯಾಮಿನೇಟ್ (ಒತ್ತಿದ ಮರದ ಪುಡಿಯಿಂದ ಮಾಡಿದ ನೆಲಹಲಗೆ) ಬೇಡವೇ ಬೇಡ. ಬಾಡಿಗೆಗೆ ಬಂದವರು ದಿನಾ ನೀರು ಹಾಕಿ ಒರೆಸುತ್ತಾರೆ, ಅಲ್ವಾ? ಅಂಚಿನಲ್ಲಿ ನೀರಿಳಿದು ಅದೂ ಉಬ್ಬುತ್ತದೆ.

ಮೊದಲು ನಾಣ್ಯದಿಂದ ಒಂದೊಂದೇ ಟೈಲ್ ತಟ್ಟಿ ನೋಡಿ. ಟೊಳ್ಳು ಸದ್ದು ಬಂದದ್ದಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅಲ್ಲೊಂದು ಇಲ್ಲೊಂದು ಇದ್ದರೆ ಅಷ್ಟನ್ನೇ ಬದಲಿಸಿ. ಅರ್ಧಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ಕಿತ್ತು ವಿಟ್ರಿಫೈಡ್ (ನೀರು ಅಷ್ಟಾಗಿ ಹೀರದ ಗಟ್ಟಿ) ಟೈಲ್ಸ್ ಹಾಕಿಸಿ. 2 ಮಿ.ಮೀ. ಸಂದು ಬಿಡಲು ಮೇಸ್ತ್ರಿಗೆ ಮೊದಲೇ ಹೇಳಿ.

ಪೈಪ್ ಸೋರಿಕೆಯೂ ಇರಬಹುದು, ನೋಡದೆ ಖಚಿತವಾಗಿ ಹೇಳಲಾರೆ. ಕಿತ್ತಾಗ ಅಡಿ ಒದ್ದೆಯಿದ್ದರೆ ಪ್ಲಂಬರ್‌ಗೆ ತೋರಿಸಿ, ಒಣಗಿದ ಮೇಲೇ ಕೆಲಸ ಮುಂದುವರಿಸಿ. ಒಂದು ಬಾಕ್ಸ್ ಟೈಲ್ಸ್ ಜಾಸ್ತಿ ತಂದಿಡಿ, ಅದೇ ಬಣ್ಣ ಆಮೇಲೆ ಸಿಗುವುದು ಕಷ್ಟ.