ಮೈಕ್ ಯಾಕಿರಲಿಲ್ಲ, ಜಾನಪದ ಯಾಕಿತ್ತು?

ಓದುಗರ ಪತ್ರ: ಪಣಜಿಯ ಫೊಂತೈನ್ಹಾಸ್‌ನ ಹಳೇ ಮನೆಯೊಂದರ ಹಾಲ್‌ನಲ್ಲಿ ‘ಬರೋಕ್ ಮತ್ತು ಜಾನಪದ’ ಅಂತ ಕಛೇರಿ ಇದೆ ಎಂದು ನಿಮ್ಮ ಪತ್ರಿಕೆಯಲ್ಲಿ ಓದಿ, ಮಗಳನ್ನು ಕರೆದುಕೊಂಡು ಹೋಗಿದ್ದೆ. ಒಬ್ಬರದು ಪಿಟೀಲು, ಇನ್ನೊಬ್ಬರದು ಆಳೆತ್ತರದ ಕತ್ತಿನ ವಾದ್ಯ. ಮೈಕ್ ಇಲ್ಲ, ಹಿಂದಿನ ಸಾಲಿಗೆ ಅರ್ಧ ಕೇಳಿಸಲೇ ಇಲ್ಲ. ಎರಡು ತುಣುಕಿಗೊಮ್ಮೆ ಶ್ರುತಿ ಮಾಡುತ್ತ ಕೂತರು. ನಡುವೆ ಚಪ್ಪಾಳೆ ತಟ್ಟಿದರೆ ಪಕ್ಕದವರು ‘ಶ್ಶ್’ ಅಂದರು. ಅರಮನೆ ಸಂಗೀತಕ್ಕೂ ಹಳ್ಳಿ ಹಾಡಿಗೂ ಯಾಕೆ ಗಂಟು ಹಾಕಿದರೋ? ನಮ್ಮ ಕಡೆಯ ಒಂಟಿ ತಂತಿಯ ಚೌಡಿಕೆ ನುಡಿಸುವವರನ್ನು ಕೂರಿಸಿದ್ದರೆ ಜಾಸ್ತಿ ಜನ ಬರುತ್ತಿದ್ದರು. ಒಂಬತ್ತು ವರ್ಷದ ಮಗಳು ಮಾತ್ರ ಅವತ್ತಿನಿಂದ ಪಿಟೀಲು ಬೇಕು ಅಂತ ಹಟ ಹಿಡಿದಿದ್ದಾಳೆ. ಏನು ಮಾಡಲಿ? – ಒಬ್ಬ ಓದುಗ, ವಾಸ್ಕೋ

ಸಂಪಾದಕರ ಉತ್ತರ: ಮೊದಲು ಚಪ್ಪಾಳೆಯ ವಿಷಯ ಮುಗಿಸಿಬಿಡೋಣ. ತಪ್ಪು ನಿಮ್ಮದಲ್ಲ. ಎಲ್ಲ ಮುಗಿಯುವ ತನಕ ಕೈಕಟ್ಟಿ ಕೂರಬೇಕು ಅನ್ನೋದು ಬರೋಕ್ ಕಾಲದ, ಅಂದರೆ ಸುಮಾರು 1600ರಿಂದ 1750ರ ತನಕದ ಯೂರೋಪಿನ ಪದ್ಧತಿಯೇ ಅಲ್ಲ. ಅದು ಬಂದದ್ದು ಎಷ್ಟೋ ಆಮೇಲೆ. 1778ರಲ್ಲಿ ಪ್ಯಾರಿಸ್‌ನಲ್ಲಿ ಮೊಜಾರ್ಟ್‌ನ ಹೊಸ ಸಿಂಫನಿ ನುಡಿಸಿದಾಗ ಜನ ನಡುನಡುವೆಯೇ ಚಪ್ಪಾಳೆ ತಟ್ಟಿದರು. ಅವನು ಖುಷಿಯಾಗಿ ಅಪ್ಪನಿಗೆ ಕಾಗದ ಬರೆದ. ಅಲ್ಲಿ ಚಪ್ಪಾಳೆ ಬೀಳುತ್ತದೆ ಅಂತ ಗೊತ್ತಿದ್ದೇ ಆ ಜಾಗ ಬರೆದಿದ್ದನಂತೆ. ಮುಂದಿನ ಸಲ ಯಾರಾದರೂ ‘ಶ್ಶ್’ ಅಂದರೆ ಸುಮ್ನೆ ನಕ್ಕುಬಿಡಿ.

ಮೈಕ್ ವಿಷಯದಲ್ಲಿ ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ನಾನೂ ಅವತ್ತು ಅಲ್ಲೇ ಇದ್ದೆ. ಹಾಲ್ ತಡೆಯುವುದಕ್ಕಿಂತ ಜಾಸ್ತಿ ಕುರ್ಚಿ ಹಾಕಿದ್ದರು. ಹಿಂದಿನ ಕಿಟಕಿಗಳನ್ನು ಪೂರ್ತಿ ತೆರೆದಿಟ್ಟಿದ್ದರು. ಓಣಿಯ ಸ್ಕೂಟರುಗಳೆಲ್ಲ ಕಛೇರಿಯಲ್ಲಿ ಭಾಗವಹಿಸಿದವು. ಅದು ಏರ್ಪಾಡು ಮಾಡಿದವರ ತಪ್ಪು. ಆದರೆ ಮೈಕ್ ಹಾಕಿದ್ದರೆ ಸರಿಯಾಗುತ್ತಿತ್ತು ಅಂತ ನನಗೆ ಅನಿಸುವುದಿಲ್ಲ. ಆ ಪಿಟೀಲಿಗೆ ಕಟ್ಟಿದ್ದು ಉಕ್ಕಿನ ತಂತಿಯಲ್ಲ, ಕುರಿಯ ಕರುಳಿನಿಂದ ಹೊಸೆದ ತಂತಿ. ಶ್ರುತಿಯೂ ತಗ್ಗಿನಲ್ಲಿತ್ತು. ಇವತ್ತು ಆರ್ಕೆಸ್ಟ್ರಾಗಳು ಸೆಕೆಂಡಿಗೆ 440 ಕಂಪನಕ್ಕೆ ಸೇರಿಸುವ ಸ್ವರವನ್ನು ಬರೋಕ್ ನುಡಿಸುವವರು ಸಾಮಾನ್ಯವಾಗಿ 415ಕ್ಕೆ, ಅಂದರೆ ಸುಮಾರು ಅರ್ಧ ಸ್ವರ ಕೆಳಗೆ ಸೇರಿಸುತ್ತಾರೆ. ಬಿಗಿ ಕಡಿಮೆ, ದನಿ ಮೆತ್ತಗೆ, ಸ್ವಲ್ಪ ಒರಟು. ಕಮಾನು ಎಳೆಯುವಾಗಿನ ಉಸಿರೂ ಕೇಳಬೇಕು. ಸ್ಪೀಕರಿನಲ್ಲಿ ಮೊದಲು ಸಾಯುವುದು ಅದೇ.

ಚೌಡಯ್ಯನವರು ಇದ್ದಿದ್ದರೆ ಮಾತ್ರ ನಿಮ್ಮ ಪಕ್ಷ ವಹಿಸುತ್ತಿದ್ದರು! ಮೈಕ್ ಇಲ್ಲದ ಕಾಲದಲ್ಲಿ ಕೊನೇ ಸಾಲಿಗೂ ಮುಟ್ಟಬೇಕು ಅಂತಲೇ ಅವರು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿ ಮಾಡಿದ್ದು.

ಇನ್ನು ಆ ಉದ್ದ ಕತ್ತಿನ ವಾದ್ಯ. ಅದರ ಹೆಸರು ಥಿಯೋರ್ಬೋ. ಹದಿನಾರನೇ ಶತಮಾನದ ಕೊನೆಗೆ ಇಟಲಿಯಲ್ಲಿ ಹುಟ್ಟಿದ್ದು. ಕತ್ತು ಅಷ್ಟುದ್ದ ಇರುವುದು ಶೋಕಿಗಲ್ಲ. ಕರುಳಿನ ತಂತಿಯಲ್ಲಿ ಮಂದ್ರ ಸ್ವರ ಬೇಕಾದರೆ ತಂತಿ ದಪ್ಪವಾಗಬೇಕು, ಇಲ್ಲವೇ ಉದ್ದವಾಗಬೇಕು. ದಪ್ಪ ಮಾಡಿದರೆ ದನಿ ಮಂಕಾಗುತ್ತದೆ. ಲೋಹ ಸುತ್ತಿದ ತಂತಿ ಆಗಿನ್ನೂ ಬಂದಿರಲಿಲ್ಲ. ಹಾಗಾಗಿ ಉದ್ದ ಮಾಡಿದರು. ಮೇಲಿನ ಉದ್ದ ತಂತಿಗಳನ್ನು ಎಡಗೈಯಿಂದ ಒತ್ತುವುದೇ ಇಲ್ಲ, ಒಂದೊಂದನ್ನು ಒಂದೊಂದು ಸ್ವರಕ್ಕೆ ಸೇರಿಸಿ ಹಾಗೇ ಮೀಟುತ್ತಾರೆ. ಸಾಮಾನ್ಯವಾಗಿ ಒಟ್ಟು 14 ತಂತಿ. ಗೋವಾದ ತೇವದ ಗಾಳಿಗೆ ಕರುಳು ಹಿಗ್ಗುತ್ತದೆ, ಫ್ಯಾನ್ ಗಾಳಿಗೆ ಕುಗ್ಗುತ್ತದೆ. ಪಾಪ, ಶ್ರುತಿ ಮಾಡದೆ ಇನ್ನೇನು ಮಾಡ್ತಾರೆ? ಎಂಬತ್ತು ವರ್ಷ ಬದುಕಿದ ಲ್ಯೂಟ್ (ಬೆರಳಿನಿಂದ ಮೀಟುವ ತಂತಿವಾದ್ಯ) ವಾದಕ ಅದರಲ್ಲಿ ಅರವತ್ತು ವರ್ಷ ಶ್ರುತಿ ಮಾಡುತ್ತಲೇ ಕಳೆದಿರುತ್ತಾನೆ ಅಂತ ಆ ಕಾಲದಲ್ಲೇ ಮಾಥೆಸನ್ ಎಂಬ ಜರ್ಮನ್ ಸಂಗೀತಗಾರ ಗೇಲಿ ಮಾಡಿದ್ದ. ಥಿಯೋರ್ಬೋ ಆ ಲ್ಯೂಟಿನ ಅಣ್ಣನೇ.

ಆ ಥಿಯೋರ್ಬೋ ವಾದಕನ ಮುಂದಿದ್ದ ಹಾಳೆಯನ್ನು ನೀವು ನೋಡಿದಿರೋ ಇಲ್ಲವೋ. ಅದರಲ್ಲಿ ಇದ್ದದ್ದು ಒಂದೇ ಸಾಲು ಮಂದ್ರ ಸ್ವರ, ಅಲ್ಲಲ್ಲಿ ಕೆಲವು ಅಂಕಿ. ಉಳಿದದ್ದೆಲ್ಲ ಆತ ಕೂತಲ್ಲೇ ಕಟ್ಟಿದ್ದು. ನಮ್ಮ ಕಛೇರಿಗಳ ಮನೋಧರ್ಮದಷ್ಟು ಬಯಲು ಅದಕ್ಕಿಲ್ಲ, ಆದರೆ ಬರೆದಿಟ್ಟದ್ದನ್ನು ಒಪ್ಪಿಸುವುದಂತೂ ಅಲ್ಲ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಅರಮನೆಗೂ ಹಳ್ಳಿಗೂ ಯಾಕೆ ಗಂಟು? ನನ್ನ ಉತ್ತರ ಇಷ್ಟೇ: ಗಂಟು ಹಾಕಿದ್ದು ಆ ಜೋಡಿಯಲ್ಲ. ಅದು ಮೊದಲಿನಿಂದ ಇತ್ತು. ಆ ಬರೋಕ್ ಸಂಗೀತದಲ್ಲಿ ಎಷ್ಟೋ ಪಾಲು ಕುಣಿತವೇ. ಜರ್ಮನ್ ರಚನೆಕಾರ ಬಾಖ್‌ನ ಸಾರಬಾಂದ್ ಎಂಬ ಕುಣಿತದ ತುಣುಕು ನುಡಿಸಿದರಲ್ಲ, ನಿಧಾನ, ಗಂಭೀರ, ದೇವಸ್ಥಾನದಲ್ಲಿ ಕೂತ ಹಾಗೆ? ಅದೇ ಸಾರಬಾಂದ್ ಅಶ್ಲೀಲ ಅಂತ ಸ್ಪೇನ್‌ನಲ್ಲಿ 1583ರಲ್ಲಿ ನಿಷೇಧ ಆಗಿತ್ತು. ಹಾಡಿದರೆ, ಕುಣಿದರೆ ಶಿಕ್ಷೆ. ಆಮೇಲೆ ಫ್ರಾನ್ಸಿನ ಅರಮನೆಗೆ ಹೋಗಿ ನಡಿಗೆ ನಿಧಾನ ಮಾಡಿಕೊಂಡಿತು.

ಅವತ್ತು ನುಡಿಸಿದ, ಇಟಲಿಯ ಕೊರೆಲ್ಲಿಯ ‘ಲಾ ಫೋಲಿಯಾ’ ನೋಡಿ. 1700ರಲ್ಲಿ ರೋಮ್‌ನಲ್ಲಿ ಅಚ್ಚಾದದ್ದು. ಫೋಲಿಯಾ ಅವನ ಸ್ವಂತದ್ದಲ್ಲ, ಪೋರ್ಚುಗಲ್ಲಿನ ಕುಣಿತ. 1611ರ ಒಂದು ಸ್ಪ್ಯಾನಿಷ್ ನಿಘಂಟಿನಲ್ಲಿ ಅದರ ವರ್ಣನೆ ಇದೆ. ಭಾರಿ ಗದ್ದಲ. ಹೆಣ್ಣುವೇಷದ ಹುಡುಗರನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರಂತೆ. ನೋಡಿದವರಿಗೆ ಇವರಿಗೆಲ್ಲ ತಲೆ ಕೆಟ್ಟಿದೆ ಅನಿಸುವಷ್ಟು ವೇಗ. ಟೆಲೆಮನ್ ಎಂಬ ಜರ್ಮನ್ ರಚನೆಕಾರ ಪೋಲೆಂಡಿನ ಹೋಟೆಲುಗಳಲ್ಲಿ ಹಳ್ಳಿ ಪಿಟೀಲು ಕೇಳಿದ್ದ. ಗಮನ ಕೊಟ್ಟು ಎಂಟು ದಿನ ಕೇಳಿದರೆ ಜೀವಮಾನಕ್ಕೆ ಸಾಕಾಗುವಷ್ಟು ಸರಕು ಸಿಗುತ್ತದೆ ಅಂತ ಆಮೇಲೆ ಬರೆದ. ಉಲ್ಟಾ ದಾರಿಯೂ ಇತ್ತು. ಐರ್ಲೆಂಡಿನ ಕುರುಡ ಹಾರ್ಪ್ ವಾದಕ ಓ’ಕ್ಯಾರಲನ್ ಊರೂರು ತಿರುಗಿ ನುಡಿಸುತ್ತಿದ್ದವನು. ಇಟಲಿಯ ಸಂಗೀತ ಕೇಳಿ ಅದರ ರುಚಿಯನ್ನು ತನ್ನ ಹಾಡುಗಳಲ್ಲಿ ಸೇರಿಸಿದ. ಅವತ್ತು ಕೊರೆಲ್ಲಿ ಆದ ಮೇಲೆ ಐರಿಶ್ ತುಣುಕು ಬಂದಾಗ ಗಡಿ ಎಲ್ಲಿ ದಾಟಿದೆವು ಅಂತ ನನಗಂತೂ ಗೊತ್ತಾಗಲಿಲ್ಲ. ಅದು ಆ ಜೋಡಿಯ ಜಾಣತನ.

ಗೋವಾದವರಿಗೆ ಇದು ಹೊಸದಲ್ಲ ಅಲ್ವಾ? ಇಲ್ಲಿನ ಮದುವೆ ಮನೆಯಲ್ಲಿ ಮಾಂಡೊ ಹಾಡುವುದನ್ನು ನೀವು ಕೇಳಿರುತ್ತೀರಿ. ಪಿಟೀಲು, ಜೊತೆಗೆ ಘುಮಟ್ ಎಂಬ ಮಣ್ಣಿನ ತಾಳವಾದ್ಯ. ಮಾಂಡೊ ನಿಧಾನ, ವಿರಹದ ಹಾಡು. ಅದು ಮುಗಿದ ಕೂಡಲೇ ದುಲ್ಪೊದ್ ಬರುತ್ತದೆ, ಚುರುಕು, ತಮಾಷೆ, ಸಾಮಾನ್ಯವಾಗಿ ಆರರ ಎಣಿಕೆ. ಬಾಖ್‌ನಲ್ಲೂ ನಿಧಾನದ ಸಾರಬಾಂದ್ ಆದ ಮೇಲೆ, ಕೊನೆಗೆ ಅಂಥದೇ ಎಣಿಕೆಯ ಜೀಗ್ ಎಂಬ ಚುರುಕು ಕುಣಿತ ಓಡಿ ಬರುತ್ತದೆ. ಒಂದರಿಂದ ಒಂದು ಹುಟ್ಟಿತು ಅಂತ ನಾನು ಹೇಳುತ್ತಿಲ್ಲ. ಆದರೆ ಚರ್ಚ್ ಶಾಲೆಗಳಲ್ಲಿ ತಲೆಮಾರುಗಟ್ಟಲೆ ಹುಡುಗರಿಗೆ ಸ್ವರ ಓದಲು, ಪಿಟೀಲು ನುಡಿಸಲು ಕಲಿಸಿದ ಊರಿದು. ಹಾಗೆ ಕಲಿತವರ ಬಳಗದಿಂದಲೇ ಮುಂಬೈ ಸಿನಿಮಾ ಆರ್ಕೆಸ್ಟ್ರಾಗಳಿಗೆ ಎಷ್ಟೋ ಜನ ಹೋದರು. ಮಜೋರ್ಡಾದ ಆಂಥನಿ ಗೊನ್ಸಾಲ್ವಿಸ್ ಅವರಲ್ಲೊಬ್ಬರು. ಲಕ್ಷ್ಮೀಕಾಂತ್–ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್‌ಗೆ ಪಿಟೀಲು ಕಲಿಸಿದವರು. ಅವತ್ತು ಮುಂದಿನ ಸಾಲಿನ ಅಜ್ಜಿಯರು ಜೀಗ್ ಬಂದಾಗ ಕಾಲು ತಟ್ಟಿದ್ದು ಸುಮ್ನೆ ಅಲ್ಲ.

ಇದನ್ನೆಲ್ಲ ಯಾರಾದರೂ ವೇದಿಕೆಯಿಂದ ಎರಡು ಮಾತಿನಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಈ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ.

ಚೌಡಿಕೆಯ ಸಲಹೆ ನನಗೆ ತುಂಬ ಹಿಡಿಸಿತು. ಸವದತ್ತಿ ಕಡೆಯಿಂದ ಯಲ್ಲಮ್ಮನ ಪದ ಹಾಡುವವರನ್ನು ಕರೆಸಿ ಅದೇ ಹಾಲ್‌ನಲ್ಲಿ ಕೂರಿಸಬೇಕು. ಒಂದೇ ತಂತಿ, ಅದನ್ನು ಬಿಗಿ ಮಾಡುತ್ತ ಸಡಿಲಿಸುತ್ತ ಎಷ್ಟು ಮಾತಾಡಿಸುತ್ತಾರೆ! ವಾಸ್ಕೋ, ಮಾಪ್ಸಾದ ನಮ್ಮ ಜನ ಖಂಡಿತ ಬರುತ್ತಾರೆ. ಒಂದೇ ಸಂಜೆ ಇವರದೊಂದು ತಾಸು, ಅವರದೊಂದು ತಾಸು ಇಟ್ಟರೆ ಇನ್ನೂ ಚೆನ್ನ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಫ್ಯೂಷನ್ ಮಾಡಿಸುವುದು ಮಾತ್ರ ಬೇಡ. ಅದರಲ್ಲಿ ಚೌಡಿಕೆಯವರಿಗೆ ತಾಳ ಹಾಕುವ ಕೆಲಸವಷ್ಟೇ ಉಳಿಯುತ್ತದೆ.

ಮಗಳಿಗೆ ಪಿಟೀಲು ಕೊಡಿಸಿ. ಆದರೆ ಮೊದಲು ಗುರು, ಆಮೇಲೆ ಅಂಗಡಿ. ಒಂಬತ್ತು ವರ್ಷದ ಮಕ್ಕಳಿಗೆ ಅರ್ಧ ಅಥವಾ ಮುಕ್ಕಾಲು ಅಳತೆಯದು ಬೇಕಾಗುತ್ತದೆ. ತೋಳಿನ ಉದ್ದ ನೋಡಿ ಕಲಿಸುವವರೇ ಹೇಳುತ್ತಾರೆ. ಒಂದೆರಡು ವರ್ಷದಲ್ಲಿ ಅದು ಚಿಕ್ಕದಾಗುತ್ತದೆ, ಹಾಗಾಗಿ ಬಾಡಿಗೆಗೋ ಸೆಕೆಂಡ್ ಹ್ಯಾಂಡೋ ಸಿಕ್ಕರೆ ಬಿಡಬೇಡಿ. ಪಾಶ್ಚಾತ್ಯವೋ ಕರ್ನಾಟಕಿಯೋ ಹಿಂದೂಸ್ತಾನಿಯೋ ಅಂತ ತಲೆ ಕೆಡಿಸಿಕೊಳ್ಳಬೇಡಿ, ವಾಸ್ಕೋದಲ್ಲಿ ವಾರಕ್ಕೆರಡು ಸಲ ತಪ್ಪದೆ ಕಲಿಸುವವರು ಯಾರಿದ್ದಾರೋ ಅದೇ ಸರಿ. ಪಣಜಿಯ ಕಲಾ ಅಕಾಡೆಮಿಯಲ್ಲೂ ಪಾಶ್ಚಾತ್ಯ ಸಂಗೀತ ವಿಭಾಗ ಇದೆ, ವಿಚಾರಿಸಿ. ಅವಳು ಕರುಳಿನ ತಂತಿ ಕೇಳಿದರೆ ಈಗಲೇ ಬೇಡ ಅನ್ನಿ, ನಮ್ಮ ಮಳೆಗಾಲಕ್ಕೆ ಉಕ್ಕಿನ ತಂತಿಯೇ ವಾಸಿ. ನುಡಿಸಿದ ಮೇಲೆ ಕಮಾನಿನ ಕೂದಲು ಸಡಿಲ ಮಾಡಿಯೇ ಪೆಟ್ಟಿಗೆಯಲ್ಲಿಡಲು ಮೊದಲ ದಿನದಿಂದ ರೂಢಿ ಮಾಡಿಸಿ.